ಕ್ಯಾನ್ಸರ್, ಜೀವಕೋಶದ ಚಲನೆ, ಮುಟ್ಟು: ಮೂರನ್ನೂ ಒಬ್ಬರೇ ಸಂಶೋಧಿಸುವುದು ದಾರಿ ತಪ್ಪಿದಂತಲ್ಲವೇ?

ಉಡುಪಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೀರಿ, ಈ ಮೂರರಲ್ಲೂ ಕೆಲಸ ಮಾಡುವ ಗೈಡ್ ಹತ್ತಿರ ಪಿಎಚ್.ಡಿ.ಗೆ ಸೇರಬಹುದೇ ಎಂದು ಕೇಳಿದ್ದೀರಿ. ಧಾರಾಳ ಸೇರಿ. ಮಣಿಪಾಲದಲ್ಲಿ ಸೆಲ್ ಕಲ್ಚರ್, ಅಂದರೆ ಲ್ಯಾಬಿನಲ್ಲಿ ಜೀವಕೋಶ ಬೆಳೆಸುವ ಕೆಲಸ ಮಾಡುವವಳು ನಾನು. ನನಗೆ ಕಾಣುವಂತೆ ಅಲ್ಲಿರುವುದು ಒಂದೇ ಪ್ರಶ್ನೆ: ಜೀವಕೋಶ ಜಾಗ ಬಿಟ್ಟು ಹೊರಡುವುದು ಯಾವಾಗ, ನಿಲ್ಲುವುದು ಯಾವಾಗ?

ಗಡ್ಡೆ ಇದ್ದಲ್ಲೇ ಇದ್ದರೆ ಎಷ್ಟೋ ಸಲ ಸರ್ಜನ್ ತೆಗೆದುಬಿಡುತ್ತಾರೆ. ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಅಲ್ಲಿಂದ ಹೊರಟ ಕೋಶಗಳು. ಅವು ಎಂಎಂಪಿ ಎಂಬ ಕಿಣ್ವಗಳಿಂದ ಸುತ್ತಲಿನ ಕೊಲಾಜನ್ ಎಂಬ ಪ್ರೋಟೀನ್ ಜಾಲ ಕಡಿದು, ತಮ್ಮೊಳಗಿನ ಆಕ್ಟಿನ್ ಎಂಬ ಪ್ರೋಟೀನ್ ಎಳೆಗಳ ಬಲದಿಂದ ಮುಂದೆ ಸರಿಯುತ್ತವೆ. ಲ್ಯಾಬಿನಲ್ಲಿ ಇದನ್ನು ನೋಡಲು, ಒತ್ತಾಗಿ ಬೆಳೆದ ಕೋಶಗಳ ಪದರದ ಮೇಲೆ ಪಿಪೆಟ್ ತುದಿಯಿಂದ ಗೀರೆಳೆದು, ಅದು ಮುಚ್ಚುವುದನ್ನು ಗಂಟೆಗಟ್ಟಲೆ ಫೋಟೋ ತೆಗೆಯುತ್ತೇವೆ. ಸರಿದು ಮುಚ್ಚಿತೋ, ಬರೀ ಸಂಖ್ಯೆ ಹೆಚ್ಚಿ ಮುಚ್ಚಿತೋ? ವೈವಾದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ, ಕೋಶಗಳು ಬೆಳೆದು ಹೆಚ್ಚಲೆಂದು ಹಾಕುವ ಸೀರಮ್ ಆಗ ಯಾಕೆ ಕಡಿಮೆ ಮಾಡುತ್ತೇವೆಂದು ಓದಿಕೊಂಡು ಹೋಗಿ.

ಈಗ ಮುಟ್ಟಿಗೆ ಬನ್ನಿ. ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಇಳಿದಾಗ ಗರ್ಭಕೋಶದ ಒಳಪದರ ಕಳಚಲು ನೆರವಾಗುವುದೂ ಅದೇ ಎಂಎಂಪಿಗಳು. ರಕ್ತ ಹೋಗುತ್ತಿರುವಾಗಲೇ ಕೋಶಗಳು ಸರಿದು ಗಾಯ ಮುಚ್ಚತೊಡಗುತ್ತವೆ, ಕಲೆಯೂ ಉಳಿಯುವುದಿಲ್ಲ. ಜೀವಮಾನದಲ್ಲಿ ಸುಮಾರು 400 ಸಲ! ಕ್ಯಾನ್ಸರ್ ಕೋಶ ಬಳಸುವ ಹತಾರಗಳೇ, ಆದರೆ ಈ ಕೋಶಗಳು ಅವನ್ನು ಹೊತ್ತಿಗೆ ಸರಿಯಾಗಿ ಕೆಳಗಿಡುತ್ತವೆ.

ಎಂಡೊಮೆಟ್ರಿಯೋಸಿಸ್‌ನಲ್ಲಿ ಅಂಥದೇ ಅಂಗಾಂಶ ಗರ್ಭಕೋಶದ ಹೊರಗೆ ಬೇರೂರುತ್ತದೆ. ಮುಟ್ಟಿನ ರಕ್ತ ಹಿಮ್ಮುಖವಾಗಿ ಹೊಟ್ಟೆಯೊಳಗೆ ಹರಿದು ಹೀಗಾಗುತ್ತದೆಂದು ಅಮೆರಿಕದ ಸ್ತ್ರೀರೋಗ ತಜ್ಞ ಜಾನ್ ಸ್ಯಾಂಪ್ಸನ್ 1927ರಲ್ಲಿ ಹೇಳಿದರು. ಆದರೆ ಹಾಗೆ ಹರಿಯುವುದು ಬಹುಪಾಲು ಹೆಂಗಸರಲ್ಲಿ. ಕಾಯಿಲೆ ಸುಮಾರು ಹತ್ತರಲ್ಲಿ ಒಬ್ಬರಿಗೆ. ಅವರಲ್ಲೇ ಯಾಕೆ ಕೋಶಗಳು ಅಂಟಿಕೊಂಡು ಒಳನುಗ್ಗುತ್ತವೆ? ಇದು ಕ್ಯಾನ್ಸರ್ ಅಲ್ಲ, ಹೆದರಬೇಡಿ. ಆದರೂ ಕೆಆರ್‌ಎಎಸ್‌ನಂಥ ಕ್ಯಾನ್ಸರ್ ಸಂಬಂಧಿ ಜೀನ್‌ಗಳ ರೂಪಾಂತರ ಅದರಲ್ಲಿ ಕಂಡದ್ದು 2017ರಲ್ಲಿ ವರದಿಯಾಯಿತು. ಕ್ಯಾನ್ಸರ್ ಕಲಿತವರು ಈ ಕಡೆ ತಿರುಗಿದರೆ ಆಶ್ಚರ್ಯವೇನು?

ತುಳುನಾಡಿನ ಹಬ್ಬ ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆಂದು ಹಾರೆ ಹಾಕದ ಊರು ನಮ್ಮದು. ಮನೆಮಗಳು ಹೊಟ್ಟೆ ಹಿಡಿದುಕೊಂಡು ಮಲಗಿದರೆ ಮಾತ್ರ "ಮದುವೆ ಆದ್ರೆ ಸರಿ ಹೋಗ್ತದೆ" ಅಂತಾರೆ ಮಾರಾಯ್ರೇ. ಕಾಯಿಲೆ ಗುರುತಿಸಲು ವರ್ಷಗಳೇ ಹಿಡಿಯುವುದಕ್ಕೆ ಇದೂ ಒಂದು ಕಾರಣ.

ನೌಕರಿಯ ಚಿಂತೆ ಬೇಡ, ಕಲ್ಚರ್ ಮತ್ತು ಮೈಕ್ರೋಸ್ಕೋಪಿ ಕಲಿತವರಿಗೆ ಎಲ್ಲ ಕಡೆ ಕೆಲಸವುಂಟು. ಗೈಡ್ ಹತ್ತಿರ ಒಂದು ಮಾತ್ರ ಕೇಳಿ: ಸ್ತ್ರೀರೋಗ ವಿಭಾಗದ ಜತೆ ಒಪ್ಪಂದ ಆಗಿದೆಯೇ, ಎಥಿಕ್ಸ್ ಕಮಿಟಿಯ ಅನುಮತಿ ಕೈಯಲ್ಲಿದೆಯೇ? ಇವಿಲ್ಲದೆ ಸೇರಿದರೆ ರೋಗಿಗಳ ಅಂಗಾಂಶದ ಸ್ಯಾಂಪಲ್‌ಗೆ ಕಾಯುವುದರಲ್ಲೇ ಫೆಲೋಶಿಪ್ ಮುಗಿಯುತ್ತದೆ.