ಘೆಂಟ್ ಸಂಧಾನದ ‘ಪ್ರೊಝೆ’ಯನ್ನು ಕನ್ನಡದಲ್ಲಿ ಏನೆಂದು ಬರೆಯುವುದು?

ತೀರ್ಥಹಳ್ಳಿಯಿಂದ ಕೇಳಿದ್ದೀರಿ: 1814ರ ಘೆಂಟ್ ಸಂಧಾನದ (ಅಮೆರಿಕ ಮತ್ತು ಬ್ರಿಟನ್ 1812ರ ಯುದ್ಧ ಮುಗಿಸಲು ನಡೆಸಿದ ಮಾತುಕತೆ) ಪತ್ರಗಳನ್ನು ಅನುವಾದಿಸುವಾಗ ಸಿಗುವ ‘ಪ್ರೊಝೆ’ (projet) ಎಂಬ ಪದ ‘ಪ್ರಾಜೆಕ್ಟ್’ನ ‘ಸಿ’ ಬಿಟ್ಟುಹೋದ ಅಚ್ಚಿನ ದೋಷವೇ, ‘ಯೋಜನೆ’ ಅಂತ ಹಾಕಿದರೆ ನಡೆಯುತ್ತದೆಯೇ ಎಂದು.

ದೋಷವಲ್ಲ. ಇಂಗ್ಲಿಷಿನ ರಾಜತಾಂತ್ರಿಕ ಬರಹದಲ್ಲಿ ಹಾಗೇ ಉಳಿದುಕೊಂಡ ಫ್ರೆಂಚ್ ಪದ ಅದು. ಕೊನೆಯ ‘ಟಿ’ ಕೇಳಿಸುವುದಿಲ್ಲ.

‘ಯೋಜನೆ’ ಮಾತ್ರ ಬೇಡ. ಓದುವವರಿಗೆ ತುಂಗಾ ಮೇಲ್ದಂಡೆ ಯೋಜನೆ ನೆನಪಾದೀತು! ಶಿವಮೊಗ್ಗದ ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರ ಪತ್ರ ಬರೆಯುವವರು ಅಡಿಕೆ ತೋಟದ ಕ್ರಯಪತ್ರವನ್ನು ಮೊದಲು ಬಿಳಿ ಹಾಳೆಯಲ್ಲಿ ತೆಗೆದು, ಚೆಕ್ಕುಬಂದಿ ಸಮೇತ ಎರಡೂ ಕಡೆಯವರಿಗೆ ಓದಿ ಹೇಳುತ್ತಾರಲ್ಲ, ಪ್ರೊಝೆ ಆ ಜಾತಿಯದು. ಒಪ್ಪಂದದ ವಿಧಿಗಳೆಲ್ಲ ಕ್ರಮವಾಗಿ ಇರುತ್ತವೆ, ಸಹಿ ಇರುವುದಿಲ್ಲ, ಯಾರನ್ನೂ ಕಟ್ಟಿಹಾಕುವುದಿಲ್ಲ. ಹಾಗಾಗಿ ಮೊದಲ ಸಲ ‘ಒಪ್ಪಂದದ ಕರಡು’ ಎಂದು ಬರೆದು, ಮುಂದೆ ಬರೀ ‘ಕರಡು’ ಎನ್ನಿ. ಎದುರು ಪಕ್ಷ ತನ್ನದೇ ಪಠ್ಯ ಕೊಟ್ಟರೆ ಅದು ಕಾಂತ್ರ್-ಪ್ರೊಝೆ, ‘ಪ್ರತಿಕರಡು’ ಸಾಕು.

ಅನುವಾದಕರು ಎಡವುವುದು ಕರಡಿನಲ್ಲಿ ಇದ್ದದ್ದನ್ನೆಲ್ಲ ಒಪ್ಪಂದದಲ್ಲೂ ಇತ್ತು ಅಂದುಕೊಂಡಾಗ. ಘೆಂಟ್‌ನಲ್ಲಿ ಅಮೆರಿಕದ ಪ್ರತಿನಿಧಿಗಳು (ಜಾನ್ ಕ್ವಿನ್ಸಿ ಆಡಮ್ಸ್, ಹೆನ್ರಿ ಕ್ಲೇ ಮೊದಲಾದವರು) ನವೆಂಬರ್ 10ರಂದು ಕರಡು ಕೊಟ್ಟರು. ಬ್ರಿಟಿಷರು ಅಂಚಿನಲ್ಲಿ ತಿದ್ದುಪಡಿ ಬರೆದು 26ಕ್ಕೆ ಹಿಂದಿರುಗಿಸಿದರು. ಅಮೆರಿಕದ ಹಡಗುಗಳಿಂದ ನಾವಿಕರನ್ನು ಬ್ರಿಟಿಷ್ ನೌಕಾಪಡೆಗೆ ಬಲವಂತವಾಗಿ ಎಳೆದೊಯ್ಯುವುದರ ಬಗ್ಗೆ ಕರಡಿನಲ್ಲಿ ವಿಧಿ ಇತ್ತು, ಬ್ರಿಟಿಷರು ಒಪ್ಪಲಿಲ್ಲ. ಡಿಸೆಂಬರ್ 24ರಂದು ಸಹಿಯಾದ ಪಠ್ಯದಲ್ಲಿ ಅದರ ಸೊಲ್ಲೇ ಇಲ್ಲ. ಯುದ್ಧಕ್ಕೆ ದೊಡ್ಡ ಕಾರಣಗಳಲ್ಲೊಂದು ಅದೇ ಆಗಿತ್ತು ಅನ್ನುವುದು ಬೇರೆ ಮಾತು.

ಆದ್ದರಿಂದ ಪ್ರತಿ ಹಾಳೆಯ ತಲೆಯಲ್ಲಿ ತಾರೀಖು ಮತ್ತು ಯಾರ ಕರಡು ಎಂಬುದನ್ನು ಹಾಕಿಕೊಳ್ಳಿ. ಅಂಚಿನ ಬರಹವನ್ನು ಮೂಲ ಪಠ್ಯದೊಳಗೆ ಸೇರಿಸಬೇಡಿ, ಪಕ್ಕದ ಕಾಲಂನಲ್ಲೇ ಇಡಿ. ಸೇರಿಸಿಬಿಟ್ಟರೆ ಯಾರು ಏನು ಕೇಳಿದರು ಅನ್ನುವುದೇ ಅಳಿಸಿಹೋಗುತ್ತದೆ. ಜೊತೆಗಿರುವ ‘ನೋಟ್’ ಕರಡಲ್ಲ, ವಾದ ಮಂಡಿಸುವ ಪತ್ರ. ಎರಡಕ್ಕೂ ಒಂದೇ ಹೆಸರು ಕೊಡಬೇಡಿ.

ಮುಂದೆ ಫ್ರಾನ್ಸಿನ ಸಂಸತ್ತಿನ ಕಾಗದಗಳಲ್ಲಿ ‘ಪ್ರೊಝೆ ದ ಲ್ವಾ’ ಸಿಕ್ಕರೆ ಅಲ್ಲಿ ‘ಕರಡು’ ಹೊಂದುವುದಿಲ್ಲ, ‘ಸರ್ಕಾರಿ ಮಸೂದೆ’ ಅನ್ನಬೇಕು. ಸದಸ್ಯರೇ ಮಂಡಿಸಿದ್ದಾದರೆ ಫ್ರೆಂಚರು ‘ಪ್ರೊಪೊಜಿಸಿಯೋಂ ದ ಲ್ವಾ’ ಎನ್ನುತ್ತಾರೆ; ನಮ್ಮಲ್ಲಿ ಖಾಸಗಿ ಸದಸ್ಯರ ಮಸೂದೆ.