ಬೇಲೂರಿನ ಕಲ್ಲು ಬೇರೆ, ಪುಣೆಯ ಕಲ್ಲು ಬೇರೆ

ಪ್ರಶ್ನೆ: ರಜೆಗೆ ಊರಿಗೆ ಹೋದಾಗ ಮಗನಿಗೆ ಬೇಲೂರು ತೋರಿಸಿದೆವು. ವಾಪಸ್ ಬಂದಮೇಲೆ ಇಲ್ಲಿನ ಪಾತಾಳೇಶ್ವರ ಗುಹೆಗೆ ಕರೆದುಕೊಂಡು ಹೋದರೆ, 'ಇವರಿಗೆ ಅಷ್ಟು ಕೈಚಳಕ ಇರಲಿಲ್ಲ ಬಿಡಮ್ಮಾ' ಅಂದ. ಅವನಿಗೆ ಏನು ಹೇಳಲಿ?
– ಓದುಗರೊಬ್ಬರು, ಕೊಥ್ರೂಡ್, ಪುಣೆ

ಉತ್ತರ: ಮೊದಲು ಕಲ್ಲಿನ ವಿಷಯ ಹೇಳಿ. ಬೇಲೂರಿನದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ಅಲ್ಲಿ ಸರದ ಒಂದೊಂದು ಮಣಿಯನ್ನೂ ಬಿಡಿಸಲು ಆಯಿತು, ಕಂಬಗಳನ್ನು ತಿರುಗಿಸುತ್ತಲೇ ಉಜ್ಜಿ ದುಂಡಗೆ ಮಾಡಲು ಆಯಿತು. ಹಾಗಂತ ಅದು ಸುಲಭದ ಕೆಲಸ ಅಂತಲ್ಲ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಕೆಳಗೆ ಹೆಸರು ಬರೆದುಕೊಂಡಿದ್ದಾರೆ, ಆ ಹೆಮ್ಮೆ ಅವರಿಗೆ ಸಲ್ಲಬೇಕಾದದ್ದೇ.

ಪಾತಾಳೇಶ್ವರ ಅದಕ್ಕಿಂತ ಮುನ್ನೂರಕ್ಕೂ ಜಾಸ್ತಿ ವರ್ಷ ಹಳೆಯದು. 8ನೇ ಶತಮಾನ, ನಮ್ಮ ರಾಷ್ಟ್ರಕೂಟರ ಕಾಲ. ಲಾವಾ ಹೆಪ್ಪುಗಟ್ಟಿ ಆದ ಕಪ್ಪು ಕಲ್ಲು ಅದು. ಉಳಿಯ ಮೊನೆ ಬೇಗ ಮೊಂಡಾಗುತ್ತದೆ, ಮತ್ತೆ ಕುಲುಮೆಯಲ್ಲಿ ಕಾಯಿಸಿ ಬಡಿದು ಚೂಪು ಮಾಡಬೇಕು. ಕೆತ್ತುವವನ ಜೊತೆಗೆ ಕಮ್ಮಾರನ ತಾಳ್ಮೆಯೂ ಬೇಕು.

ಇನ್ನೊಂದು ದೊಡ್ಡ ವ್ಯತ್ಯಾಸ ಇದೆ. ಬೇಲೂರಿನಲ್ಲಿ ಕಲ್ಲು ತಂದು, ಕೆತ್ತಿ, ಜೋಡಿಸಿದರು. ಒಂದು ಕಲ್ಲು ಸೀಳಿದರೆ ಇನ್ನೊಂದು ತರಬಹುದಿತ್ತು. ಇಲ್ಲಿ ಇರುವ ಬಂಡೆಯನ್ನೇ ಕೊರೆದು ಒಳಗೆ ಹೋಗಿದ್ದಾರೆ, ಕಂಬ ಎಲ್ಲಿ ನಿಲ್ಲಬೇಕು, ಹೊರಗಿನ ದುಂಡು ನಂದಿಮಂಟಪಕ್ಕೆ ಎಷ್ಟು ಕಲ್ಲು ಉಳಿಸಬೇಕು ಅನ್ನೋದೆಲ್ಲ ಮೊದಲ ಏಟಿಗೂ ಮುಂಚೆಯೇ ತಲೆಯಲ್ಲಿ ತೀರ್ಮಾನ ಆಗಿರಬೇಕು, ಯಾಕೆಂದರೆ ಒಮ್ಮೆ ಹಾರಿಹೋದ ಚಕ್ಕೆಯನ್ನು ಮತ್ತೆ ಅಂಟಿಸುವ ಹಾಗಿಲ್ಲ. ಸಾಮಾನ್ಯವಾಗಿ ಇಂಥ ಗುಹೆಗಳಲ್ಲಿ ಚಾವಣಿ ಮೊದಲು, ನೆಲ ಕೊನೆಗೆ. ಈ ಲೆಕ್ಕಾಚಾರವೇ ನನಗೆ ಎಲ್ಲಕ್ಕಿಂತ ದೊಡ್ಡ ಕೈಚಳಕ ಅನಿಸುತ್ತದೆ. ಅಂದಹಾಗೆ, ಪಾತಾಳೇಶ್ವರದ ಕೆಲಸ ಪೂರ್ತಿ ಮುಗಿದೇ ಇಲ್ಲ. ಹಾಗಾಗಿ ಅದನ್ನು ಮುಗಿದ ಬೇಲೂರಿನ ಪಕ್ಕ ಇಟ್ಟು ನೋಡುವುದೇ ನ್ಯಾಯವಲ್ಲ, ಅಲ್ವಾ?

ಮುಂಬೈಗೆ ಹೋದಾಗ ಎಲಿಫೆಂಟಾಕ್ಕೂ ಕರೆದುಕೊಂಡು ಹೋಗಿ. ಅಲ್ಲೂ ಇದೇ ಜಾತಿಯ ಗಟ್ಟಿ ಕಲ್ಲು. ಸುಮಾರು 20 ಅಡಿ ಎತ್ತರದ ಮೂರು ಮುಖದ ಶಿವನ ಮುಂದೆ ನಿಲ್ಲಿಸಿ, ನಡುವಿನ ಮುಖದ ತುಟಿಯನ್ನು ನಿಧಾನವಾಗಿ ನೋಡು ಅನ್ನಿ. ಸೋಮವಾರ ಮಾತ್ರ ಹೋಗಬೇಡಿ, ಅವತ್ತು ಗುಹೆಗಳಿಗೆ ರಜೆ.