ಅಮೆಜಾನ್ ಯೋಧೆಯರು ನಿಜಕ್ಕೂ ಸ್ತನ ಕೊಯ್ದುಕೊಳ್ಳುತ್ತಿದ್ದರಾ?

ಪ್ರಶ್ನೆ: ಮಗಳು ಕ್ವಿಜ್‌ಗೆ ಓದುತ್ತಿದ್ದಳು. ಗ್ರೀಕ್ ಪುರಾಣದ ಅಮೆಜಾನ್ ಯೋಧೆಯರು ಬಿಲ್ಲು ಎಳೆಯಲು ಅಡ್ಡಿಯಾಗಬಾರದೆಂದು ಬಲ ಸ್ತನವನ್ನೇ ಕೊಯ್ದುಕೊಳ್ಳುತ್ತಿದ್ದರು ಅಂತ ಪುಸ್ತಕದಲ್ಲಿತ್ತಂತೆ. ಇದು ನಿಜವಾ, ಅಂಥವರು ಇದ್ದರಾ ಅಂತ ಕೇಳಿದಳು. ಏನು ಹೇಳಲಿ?
– ಓದುಗರೊಬ್ಬರು, ಹಾಸನ

ಉತ್ತರ: ಕೊಯ್ದುಕೊಳ್ಳುತ್ತಿರಲಿಲ್ಲ. ಮಗಳಿಗೆ ಇದನ್ನು ಮೊದಲು ಹೇಳಿಬಿಡಿ. ಈ ಕ್ರೂರ ಕಥೆಯನ್ನು ಇವತ್ತಿಗೂ ಮಕ್ಕಳ ಪುಸ್ತಕಗಳಲ್ಲಿ ನೋಡಿದಾಗ ನನಗೆ ಬೇಸರವಾಗುತ್ತದೆ.

ಇದು ಹುಟ್ಟಿದ್ದು ಹೆಸರಿನಿಂದ. ಗ್ರೀಕ್‌ನಲ್ಲಿ ‘ಮಾಜೋಸ್’ ಎಂದರೆ ಸ್ತನ. ಮುಂದೆ ಬರುವ ‘ಅ’ ನಮ್ಮ ‘ಅನ್ಯಾಯ’ದಲ್ಲಿರುವ ‘ಅ’ದ ಹಾಗೆ, ಇಲ್ಲ ಅಂತ ಹೇಳುತ್ತದೆ. ಅಮೆಜಾನ್ ಅನ್ನುವುದು ಗ್ರೀಕ್ ಪದವೇ ಅಲ್ಲ ಅನ್ನುವುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆದರೂ ಅದನ್ನು ಹೀಗೆ ಒಡೆದು ‘ಸ್ತನವಿಲ್ಲದವರು’ ಅಂತ ಅರ್ಥ ಹಚ್ಚಿದರು. ಆಮೇಲೆ ಆ ಅರ್ಥಕ್ಕೆ ತಕ್ಕ ಕಾರಣವನ್ನೂ ಕಟ್ಟಿದರು. ಅದಕ್ಕಿಂತ ಹಳಬನಾದ ಗ್ರೀಕ್ ಕವಿ ಹೋಮರ್ ಇವರನ್ನು ಕರೆದದ್ದು ‘ಗಂಡಸರಿಗೆ ಸಮನಾದವರು’ ಎಂದು ಮಾತ್ರ. ಗ್ರೀಕ್ ಶಿಲ್ಪಿಗಳಂತೂ ಈ ಕಥೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವರು ಕೆತ್ತಿದ ‘ಗಾಯಗೊಂಡ ಅಮೆಜಾನ್’ ವಿಗ್ರಹಗಳ ರೋಮನ್ ನಕಲುಗಳು ಉಳಿದಿವೆ. ಎರಡೂ ಸ್ತನಗಳಿವೆ. ಇನ್ನು ಬಿಲ್ಲಿನ ವಿಷಯ. ನಮ್ಮ ದೀಪಿಕಾ ಕುಮಾರಿ ಬಾಣ ಬಿಡುವುದನ್ನು ಮಗಳಿಗೆ ತೋರಿಸಿ, ಸಾಕು.

ಇಂಥವರು ಇದ್ದರಾ ಅನ್ನುವುದು ಇನ್ನೂ ಒಳ್ಳೆಯ ಪ್ರಶ್ನೆ. ಪುರಾಣದಲ್ಲಿ ಅವರ ಊರು ಕಪ್ಪು ಸಮುದ್ರದ ದಕ್ಷಿಣ ದಡದ ಥೆಮಿಸ್ಕಿರಾ, ಇಂದಿನ ಟರ್ಕಿಯ ಭಾಗ. ಗ್ರೀಕ್ ವೀರ ಹೆರಾಕ್ಲಿಸ್ ಬಂದು ರಾಣಿ ಹಿಪೊಲಿಟಾಳ ಸೊಂಟಪಟ್ಟಿ ಒಯ್ಯುತ್ತಾನೆ. ಟ್ರಾಯ್ ಪರವಾಗಿ ಬಂದ ಅಮೆಜಾನ್ ರಾಣಿ ಪೆಂಥೆಸಿಲಿಯಾಳನ್ನು ಗ್ರೀಕ್ ವೀರ ಅಕಿಲಿಸ್ ಕೊಲ್ಲುತ್ತಾನೆ. ಗ್ರೀಕರ ಈ ಕಥೆಗಳಲ್ಲಿ ಗೆಲ್ಲುವವರು ಗ್ರೀಕರೇ.

ನನಗೆ ಜಾಸ್ತಿ ಇಷ್ಟವಾದದ್ದು ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಹೇಳುವ ಕಥೆ. ಸೆರೆಯಾದ ಅಮೆಜಾನರನ್ನು ಗ್ರೀಕರು ಮೂರು ಹಡಗುಗಳಲ್ಲಿ ಸಾಗಿಸುತ್ತಾರೆ. ನಡುನೀರಿನಲ್ಲಿ ಇವರು ತಿರುಗಿಬಿದ್ದು ಗಂಡಸರನ್ನೆಲ್ಲ ಮುಗಿಸುತ್ತಾರೆ. ಆದರೆ ಹಡಗು ನಡೆಸಲು ಬರುವುದಿಲ್ಲ. ಗಾಳಿ ನೂಕಿದ ಕಡೆ ಹೋಗಿ, ಇಂದಿನ ಅಜೋವ್ ಸಮುದ್ರದ ದಡ ಸೇರುತ್ತಾರೆ. ಅಲ್ಲಿ ಸಿಕ್ಕ ಕುದುರೆಗಳನ್ನೇರಿ ಆ ಸೀಮೆಯ ಅಲೆಮಾರಿಗಳಾದ ಸಿಥಿಯನ್ ಜನರ ಮೇಲೆ ಬೀಳುತ್ತಾರೆ. ಹೆಣಗಳನ್ನು ನೋಡಿದ ಮೇಲೆಯೇ ಸಿಥಿಯನ್ನರಿಗೆ ಇವರು ಹೆಂಗಸರೆಂದು ತಿಳಿಯುವುದು. ಆಮೇಲೆ ಅವರ ಹುಡುಗರು ಇವರಿಗೆ ಜೊತೆಯಾಗುತ್ತಾರೆ, ಮನೆಗೆ ಬನ್ನಿ ಅಂತ ಕರೆಯುತ್ತಾರೆ. ಇವರು ಒಪ್ಪುವುದಿಲ್ಲ. ನಾವು ಬಿಲ್ಲು ಹಿಡಿದು ಕುದುರೆ ಏರುವವರು, ನಿಮ್ಮ ಹೆಂಗಸರು ಗಾಡಿ ಬಿಟ್ಟು ಇಳಿಯುವುದಿಲ್ಲ, ಅವರ ಜೊತೆ ನಮಗೆ ಹೊಂದುವುದಿಲ್ಲ ಅನ್ನುತ್ತಾರೆ. ಕೊನೆಗೆ ಹುಡುಗರೇ ಇವರ ಜೊತೆ ಹೊರಟು, ದೋನ್ ನದಿ ದಾಟಿ ಹೊಸ ನೆಲೆ ಮಾಡುತ್ತಾರೆ.

ಸುಮ್ನೆ ಕಟ್ಟುಕಥೆ ಅನಿಸುತ್ತದೆ, ಅಲ್ವಾ? ಆದರೆ ರಷ್ಯಾದಲ್ಲಿ ಅದೇ ದೋನ್ ನದಿಯ ಸೀಮೆಯ ದೆವಿತ್ಸಾ ಎಂಬಲ್ಲಿ, ಕ್ರಿ.ಪೂ. 4ನೇ ಶತಮಾನದ ಒಂದು ಸಮಾಧಿ ಸಿಕ್ಕಿರುವುದು 2019ರಲ್ಲಿ ಸುದ್ದಿಯಾಯಿತು. ಒಳಗೆ ನಾಲ್ವರು ಹೆಂಗಸರು. ಚಿಕ್ಕವಳಿಗೆ 12-13 ವರ್ಷ, ಹಿರಿಯಳಿಗೆ 45-50. ಜೊತೆಗೆ ಕಬ್ಬಿಣದ ಬಾಣದ ಮೊನೆಗಳು, ಈಟಿಗಳು. ಒಬ್ಬಳನ್ನು ಕುದುರೆ ಮೇಲೆ ಕೂತ ಭಂಗಿಯಲ್ಲೇ ಮಲಗಿಸಿದ್ದರು. ಹೀಗೆ ಆಯುಧಗಳ ಜೊತೆ ಹೂತ ಸಿಥಿಯನ್ ಹೆಂಗಸರು ಬೇರೆ ಕಡೆಯೂ ಸಿಕ್ಕಿದ್ದಾರೆ. ಗಂಡಸರೇ ಇಲ್ಲದ ರಾಜ್ಯ ಅನ್ನುವುದು ಕಥೆ. ಕುದುರೆ ಏರಿ ಬಿಲ್ಲು ಹಿಡಿದ ಹೆಂಗಸರು ನಿಜ. ನಿಮ್ಮ ಮಗಳ ವಯಸ್ಸಿನವರೂ ಅವರಲ್ಲಿ ಇದ್ದಿರಬಹುದು, ಹೇಳಿ ನೋಡಿ.

ಪ್ರಶ್ನೆ: ಅಮೆಜಾನ್ ನದಿಗೂ ಇವರಿಗೂ ಸಂಬಂಧ ಇದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಹೆಸರಿನ ಸಂಬಂಧ ಇದೆ. 1542ರಲ್ಲಿ ಸ್ಪೇನಿನ ಒರೆಲ್ಲಾನಾ ತಂಡ ಆ ನದಿಯಲ್ಲಿ ಸಾಗಿತು. ದಾರಿಯಲ್ಲಿ ಹೆಂಗಸರೂ ತಮ್ಮ ಮೇಲೆ ಬಾಣ ಬಿಟ್ಟರು ಎಂದು ಜೊತೆಗಿದ್ದ ಪಾದ್ರಿ ಕಾರ್ವಹಾಲ್ ಬರೆದಿಟ್ಟ. ಗ್ರೀಕ್ ಕಥೆ ತಲೆಯಲ್ಲಿದ್ದ ಅವರು ಆ ಹೆಂಗಸರನ್ನು ಅಮೆಜಾನರೆಂದೇ ಕರೆದರು. ನದಿಗೂ ಅದೇ ಹೆಸರು ನಿಂತಿತು.